ಫರ್ಡಿನೆಂಡ್ ಕಿಟೆಲ್: ನಂಬಿಕೆಯನ್ನು ದುಡಿಮೆಯಾಗಿಸಿದ ಬಾಳು

ನಮ್ಮ ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಸಂಪುಟಕ್ಕೆ ಒಬ್ಬ ಮಹನೀಯರ ಜೀವನ ಚರಿತ್ರೆ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ಹುಬ್ಬಳ್ಳಿ-ಧಾರವಾಡದ ನೆಲದಲ್ಲಿ ಮಹನೀಯರಿಗೆ ಬರವಿಲ್ಲ. ಕವಿಗಳು, ಗಾಯಕರು, ಸ್ವಾಮಿಗಳು, ಸ್ವಾತಂತ್ರ್ಯ ಹೋರಾಟಗಾರರು ಎಲ್ಲರೂ ಇದ್ದಾರೆ. ಅವರಲ್ಲಿ ಹೆಚ್ಚಿನವರ ಬಗ್ಗೆ ಪಠ್ಯಪುಸ್ತಕಗಳಲ್ಲಿ ಓದಿಯೇ ಇದ್ದೇವೆ. ನಾನು ಆರಿಸಿಕೊಂಡದ್ದು ರೆವರೆಂಡ್ ಫರ್ಡಿನೆಂಡ್ ಕಿಟೆಲ್ ಅವರನ್ನು. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿದೆ. ಆ ದಾರಿಯಲ್ಲಿ ದಿನವೂ ಓಡಾಡುವ ನಮ್ಮ ಮಕ್ಕಳಿಗೆ ಕಿಟೆಲ್ ಎಂದರೆ ಒಂದು ಬಸ್ ನಿಲ್ದಾಣದ ಗುರುತು. ಸ್ವಲ್ಪ ಹೆಚ್ಚು ಓದಿದವರಿಗೆ ಅದು ಒಂದು ದಪ್ಪ ನಿಘಂಟು. ಆ ನಿಘಂಟಿನ ಹಿಂದೆ ಒಬ್ಬ ಮನುಷ್ಯನಿದ್ದ, ಆ ಮನುಷ್ಯನೊಳಗೆ ಒಂದು ನಂಬಿಕೆ ಇತ್ತು ಎಂಬುದನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ.

ಕಿಟೆಲ್ ಅವರನ್ನು ಹೊಗಳುವಾಗ ನಮ್ಮಲ್ಲಿ ಒಂದು ರೂಢಿ ಇದೆ. ಅವರು ಕನ್ನಡಕ್ಕೆ ಮಾಡಿದ ಸೇವೆಯನ್ನು ಬಾಯ್ತುಂಬ ಹೇಳುತ್ತೇವೆ, ಅವರು ಪಾದ್ರಿಯಾಗಿದ್ದರು ಎಂಬುದನ್ನು ಮೆಲ್ಲಗೆ ಬದಿಗೆ ಸರಿಸುತ್ತೇವೆ. ಹಾಗೆ ಮಾಡಿದರೆ ಅರ್ಧ ಮನುಷ್ಯನನ್ನು ಮಾತ್ರ ಕಂಡಂತಾಗುತ್ತದೆ. ಅವರು ಇಲ್ಲಿಗೆ ಬಂದದ್ದು ಕ್ರಿಸ್ತನ ಸುವಾರ್ತೆ ಸಾರಲಿಕ್ಕೆ. ಕೊನೆಯವರೆಗೂ ಅವರು ಆ ನಂಬಿಕೆಯನ್ನು ಬಿಡಲಿಲ್ಲ. ಅದನ್ನು ನಾವು ಒಪ್ಪಬೇಕಾಗಿಲ್ಲ, ಮುಚ್ಚಿಡಬೇಕಾಗಿಯೂ ಇಲ್ಲ. ನನ್ನ ಅಭಿಪ್ರಾಯದಲ್ಲಿ ಅವರ ನಿಘಂಟು ಅವರ ನಂಬಿಕೆಯಿಂದ ಬೇರೆಯಾದ ಇನ್ನೊಂದು ಕೆಲಸವಲ್ಲ. ಆ ನಂಬಿಕೆ ತೋರಿಕೆಯಾಗದೆ ದುಡಿಮೆಯಾಗಿ ಇಳಿದು ಬಂದ ರೂಪವೇ ಅದು.

ಕಿಟೆಲ್ ಹುಟ್ಟಿದ್ದು 1832ರ ಏಪ್ರಿಲ್ 7ರಂದು, ಉತ್ತರ ಜರ್ಮನಿಯ ಸಮುದ್ರ ತೀರಕ್ಕೆ ಹತ್ತಿರದ ಪೂರ್ವ ಫ್ರೀಸ್‌ಲ್ಯಾಂಡ್ ಸೀಮೆಯ ರೆಸ್ಟರ್‌ಹಾಫೆ ಎಂಬ ಸಣ್ಣ ಊರಿನಲ್ಲಿ. ತಂದೆ ಅಲ್ಲಿನ ಚರ್ಚಿನ ಪಾದ್ರಿ. ಶಾಲೆಯಲ್ಲಿ ಹುಡುಗ ಹೀಬ್ರೂ, ಗ್ರೀಕ್, ಲ್ಯಾಟಿನ್, ಫ್ರೆಂಚ್, ಇಂಗ್ಲಿಷ್ ಕಲಿತ. ಭಾಷೆಗಳೆಂದರೆ ಅವನಿಗೆ ಹಸಿವು. ಕಾಕತಾಳೀಯವೆಂದರೆ, ಅವರು ಹುಟ್ಟಿದ ವರ್ಷವೇ ಇತ್ತ ಮದರಾಸಿನಲ್ಲಿ ವಿಲಿಯಂ ರೀವ್ ಎಂಬ ಲಂಡನ್ ಮಿಷನ್ನಿನ ಪಾದ್ರಿಯ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾಯಿತು. ಬಳ್ಳಾರಿಯಲ್ಲಿ ದುಡಿದ ರೀವ್ ಹಾಕಿದ ಆ ಬುನಾದಿಯ ಮೇಲೆ ಮುಂದೆ ದೊಡ್ಡ ಮನೆ ಕಟ್ಟುವವನು ಸಾವಿರಾರು ಮೈಲಿ ಆಚೆ ತೊಟ್ಟಿಲಲ್ಲಿದ್ದ.

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಬಾಸೆಲ್ ಮಿಷನ್ನಿನ ಪಾಠಶಾಲೆ ಇತ್ತು. ಕಿಟೆಲ್ ಅಲ್ಲಿ ಸೇರಿ ತರಬೇತಿ ಪಡೆದರು. ಆ ಮಿಷನ್ನಿನವರು ಕನ್ನಡ ನಾಡಿಗೆ ಆಗಲೇ ಬಂದಿದ್ದರು. 1834ರಲ್ಲಿ ಮಂಗಳೂರು, 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ ಅವರ ಕೇಂದ್ರಗಳಾದವು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ವನ್ನು 1843ರಲ್ಲಿ ಹೊರತಂದ ಹರ್ಮನ್ ಮೋಗ್ಲಿಂಗ್ ಇದೇ ಮಿಷನ್ನಿನವರು. 1853ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ, ಕಿಟೆಲ್ ಇಂಡಿಯಾಕ್ಕೆ ಬಂದರು. ಅವರನ್ನು ಕಳಿಸಿದ್ದು ನಮ್ಮ ಧಾರವಾಡಕ್ಕೆ.

ಆ ಕಾಲದ ಧಾರವಾಡವನ್ನು ನೆನಪಿಗೆ ತಂದುಕೊಳ್ಳಿ. ದೇಶದ ಮೊದಲ ಪ್ರಯಾಣಿಕರ ರೈಲು ಮುಂಬಯಿಯಿಂದ ಠಾಣೆಗೆ ಓಡಿದ್ದು ಅದೇ 1853ರಲ್ಲಿ. ನಮ್ಮ ಕಡೆ ರೈಲು ಬರಲು ಇನ್ನೂ ಮೂರು ದಶಕ ಬೇಕಿತ್ತು. ಜಿಲ್ಲೆ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಕಚೇರಿಗಳಲ್ಲಿ, ಓದುಬರಹದಲ್ಲಿ ಮರಾಠಿಯದೇ ಮೇಲುಗೈ. ಕನ್ನಡ ಮನೆಯ ಮಾತು, ಹೊಲದ ಮಾತು, ಸಂತೆಯ ಮಾತು. ನಮ್ಮ ಸೀಮೆಗೆ ಆಳುವವರು ಕೊಟ್ಟಿದ್ದ ಹೆಸರೂ ದಕ್ಷಿಣ ಮರಾಠಾ ದೇಶ ಎಂದೇ. ಊರವರೇ ಮಾತನಾಡಲು ಹಿಂಜರಿಯುತ್ತಿದ್ದ ಕಡೆ, ಸಮುದ್ರ ದಾಟಿ ಬಂದ ತರುಣನೊಬ್ಬ ಕನ್ನಡದ ಅಕ್ಷರ ತಿದ್ದಲು ಕುಳಿತ.

ಕಿಟೆಲ್ ಅವರಿಗೆ ಎದುರಾದ ಮೊದಲ ಪ್ರಶ್ನೆ ಭಾಷೆಯದಲ್ಲ, ಬದುಕುವ ರೀತಿಯದು. ಬಿಳಿಯ ಪಾದ್ರಿ ಎಂದರೆ ಜನರ ಕಣ್ಣಿಗೆ ಸಾಹೇಬ. ಬಂಗಲೆ, ಕುದುರೆ, ಆಳುಕಾಳು ಇದ್ದವನು. ಅವನು ಬಡವರ ನಡುವೆ ಹುಟ್ಟಿ ಮರಗೆಲಸದವನ ಮನೆಯಲ್ಲಿ ಬೆಳೆದ ಯೇಸುವಿನ ಕತೆ ಹೇಳಿದರೆ ಕೇಳುವವರಿಗೆ ಮಾತು ಒಂದು ಕಡೆ, ಬಾಳು ಒಂದು ಕಡೆ ಕಾಣುತ್ತದೆ. ಕಿಟೆಲ್ ಅವರಿಗೆ ಇದು ಚುಚ್ಚಿತು. ಭಾರತೀಯರಿಗೆ ಕ್ರಿಸ್ತನ ಮಾತು ಹೇಳಬೇಕಾದರೆ ತಾನು ಭಾರತೀಯನಂತೆ ಬದುಕಬೇಕು, ಅವರ ಭಾಷೆ, ಅವರ ಶಾಸ್ತ್ರ, ಅವರ ಹಾಡು ಎಲ್ಲವನ್ನೂ ಒಳಗಿನಿಂದ ತಿಳಿಯಬೇಕು ಎಂಬುದು ಅವರ ನಿಲುವಾಯಿತು. ಅವರು ಜನರ ನಡುವೆ ಸರಳವಾಗಿ ಓಡಾಡಿದರು, ಪಂಡಿತರ ಬಳಿ ಶಿಷ್ಯನಾಗಿ ಕುಳಿತರು.

ಇಂದು ಕೇಳಲು ಇದು ಚೆನ್ನಾಗಿದೆ. ಅಂದು ಅದಕ್ಕೆ ಬೆಲೆ ತೆರಬೇಕಾಯಿತು. ಸಹೋದ್ಯೋಗಿಗಳಿಗೆ ಅವರ ನಡೆ ಹಿಡಿಸಲಿಲ್ಲ. ಇವನು ಗುಂಪಿಗೆ ಹೊಂದದವನು, ಸುವಾರ್ತೆಯ ಕೆಲಸಕ್ಕಿಂತ ಪುಸ್ತಕದ ಕೆಲಸವನ್ನೇ ದೊಡ್ಡದು ಮಾಡಿಕೊಂಡವನು ಎಂಬ ಅಸಮಾಧಾನ ಬೆಳೆಯಿತು. ಮಿಷನ್ನಿಗೆ ತನ್ನದೇ ಲೆಕ್ಕವಿತ್ತು. ಎಷ್ಟು ಊರಿಗೆ ಹೋದಿರಿ, ಎಷ್ಟು ಜನ ದೀಕ್ಷಾಸ್ನಾನ ಪಡೆದರು ಎಂದು ವರದಿ ಬರೆಯಬೇಕು. ಆ ಲೆಕ್ಕದಲ್ಲಿ ಕಿಟೆಲ್ ಸೋತ ಪಾದ್ರಿ. ಹೊರಗಿನವರ ಟೀಕೆಯನ್ನು ತಾಳುವುದು ಸುಲಭ. ತನ್ನದೇ ಮನೆಯವರು, ತನ್ನಂತೆಯೇ ಪ್ರಾರ್ಥನೆ ಮಾಡುವವರು ನಿನ್ನ ದಾರಿ ಸರಿಯಲ್ಲ ಎಂದಾಗ ನೆಲಕಚ್ಚದೆ ನಿಲ್ಲುವುದು ಕಷ್ಟ. ಕಿಟೆಲ್ ಮಿಷನ್ ಬಿಟ್ಟು ಹೋಗಲಿಲ್ಲ. ತನ್ನ ದಾರಿಯನ್ನೂ ಬಿಡಲಿಲ್ಲ. ಸಭೆಯಲ್ಲಿ ಜಗಳ ತೆಗೆದು ಹೆಸರು ಮಾಡುವ ಧೈರ್ಯ ಅವರದಲ್ಲ. ಮರುದಿನ ಬೆಳಿಗ್ಗೆ ಎದ್ದು ಅದೇ ಕೆಲಸಕ್ಕೆ ಕೂಡುವ ಧೈರ್ಯ ಅವರದು.

ಧಾರವಾಡದಿಂದ ಮುಂದೆ ಅವರ ಬದುಕು ಮಂಗಳೂರು, ಮಡಿಕೇರಿಗಳತ್ತ ಸಾಗಿತು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಮುದ್ರಣಾಲಯವಿತ್ತು. 1862ರಲ್ಲಿ ಅವರ ‘ಕಥಾಮಾಲೆ’ ಅಲ್ಲಿ ಅಚ್ಚಾಯಿತು. ಅದರಲ್ಲಿ ಕ್ರಿಸ್ತನ ಜೀವನವನ್ನು ಅವರು ಕನ್ನಡದ ಷಟ್ಪದಿಯಲ್ಲಿ ಹಾಡಿಗೆ ಒಗ್ಗುವಂತೆ ಹೇಳಿದ್ದಾರೆ. ನಮ್ಮ ಊರುಗಳಲ್ಲಿ ಜೈಮಿನಿ ಭಾರತವನ್ನೂ ಗದುಗಿನ ಭಾರತವನ್ನೂ ರಾತ್ರಿಯಿಡೀ ಓದಿಸಿ ಕೇಳುತ್ತಿದ್ದ ಜನರಿದ್ದರು. ಅವರ ಕಿವಿಗೆ ಒಗ್ಗಿದ ಮಟ್ಟಿನಲ್ಲಿಯೇ ತನ್ನ ದೇವರ ಕತೆ ಹೇಳಬೇಕು ಎಂದುಕೊಂಡದ್ದರಲ್ಲಿ ಕೇಳುಗರ ಬಗೆಗಿನ ಗೌರವವಿದೆ. ಪರದೇಶದ ರಾಗವನ್ನು ಅವರ ತಲೆಯ ಮೇಲೆ ಹೇರಲು ಹೋಗಲಿಲ್ಲ, ಅವರ ಛಂದಸ್ಸನ್ನು ತಾನು ಕಲಿತರು.

ಕಲಿಯುತ್ತ ಹೋದಂತೆ ಹಳಗನ್ನಡದ ಬಾಗಿಲು ತೆರೆಯಿತು. ಹದಿಮೂರನೆಯ ಶತಮಾನದ ಜೈನ ವೈಯಾಕರಣ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು 1872ರಲ್ಲಿ ಸಂಪಾದಿಸಿ ಪ್ರಕಟಿಸಿದರು. 1875ರಲ್ಲಿ ನಾಗವರ್ಮನ ಛಂದಶ್ಶಾಸ್ತ್ರ ‘ಛಂದೋಂಬುಧಿ’ ಹೊರಬಂತು. ಅದರ ಜೊತೆಗೆ ಕನ್ನಡ ಸಾಹಿತ್ಯದ ಚರಿತ್ರೆಯನ್ನು ಕುರಿತ ಪ್ರಬಂಧವನ್ನೂ ಇಂಗ್ಲಿಷಿನಲ್ಲಿ ಬರೆದರು. ಓಲೆಗರಿಗಳನ್ನು ತರಿಸಿ, ಒಂದು ಪ್ರತಿಯನ್ನು ಇನ್ನೊಂದರ ಜೊತೆ ಹೋಲಿಸಿ, ಅಳಿಸಿಹೋದ ಅಕ್ಷರವನ್ನು ಊಹಿಸಿ, ಪಾಠ ನಿರ್ಣಯಿಸುವುದು ಕಣ್ಣಿಗೂ ತಾಳ್ಮೆಗೂ ಪರೀಕ್ಷೆ. ಕ್ರೈಸ್ತ ಪಾದ್ರಿಯೊಬ್ಬ ಜೈನ ಕವಿಯ ವ್ಯಾಕರಣವನ್ನು ಇಷ್ಟು ಶ್ರದ್ಧೆಯಿಂದ ಉಳಿಸಿಕೊಟ್ಟದ್ದು ನಮ್ಮ ಭಾಗ್ಯ.

ಈ ನಡುವೆ ಅವರ ಮನೆಯ ಮೇಲೆ ದುಃಖ ಬಂದೆರಗಿತು. 1860ರಲ್ಲಿ ಮದುವೆಯಾದ ಪತ್ನಿ ಪೌಲಿನ್ 1864ರಲ್ಲಿ ತೀರಿಕೊಂಡರು. ನಾಲ್ಕೇ ವರ್ಷದ ದಾಂಪತ್ಯ, ಪರದೇಶದ ಮಣ್ಣು. ಮುಂದೆ 1867ರಲ್ಲಿ ಪೌಲಿನ್ ಅವರ ಸಹೋದರಿ ಜೂಲಿ ಅವರನ್ನು ಕಿಟೆಲ್ ಮದುವೆಯಾದರು. ದೇವರ ಕೆಲಸಕ್ಕೆ ಬಂದವನಿಗೆ ದೇವರು ಹೀಗೇಕೆ ಮಾಡಿದ ಎಂಬ ಪ್ರಶ್ನೆ ಯಾರಿಗಾದರೂ ಏಳುತ್ತದೆ. ಅವರ ಮನಸ್ಸಿನಲ್ಲಿ ಏನು ನಡೆಯಿತೆಂದು ನಾನು ಕಲ್ಪಿಸಿ ಬರೆಯುವುದಿಲ್ಲ. ಆ ಸಾವಿನ ನಂತರದ ಹತ್ತು ವರ್ಷಗಳಲ್ಲಿಯೇ ಶಬ್ದಮಣಿದರ್ಪಣ ಹೊರಬಂತು, ನಿಘಂಟಿನ ಕೆಲಸ ಕೈಗೆ ಬಂತು. ಇಷ್ಟನ್ನು ಮಾತ್ರ ದಾಖಲೆ ಹೇಳುತ್ತದೆ. ಅಷ್ಟೇ ಸಾಕು.

ಇನ್ನು ನಿಘಂಟಿನ ವಿಷಯ. ಸುಮಾರು ಎರಡು ದಶಕಗಳ ದುಡಿಮೆ ಅದು. 1877ರಲ್ಲಿ ಕಿಟೆಲ್ ಜರ್ಮನಿಗೆ ಹಿಂತಿರುಗಿದರು. ಅಲ್ಲಿಯೇ ಉಳಿದುಬಿಟ್ಟಿದ್ದರೆ ಯಾರೂ ತಪ್ಪು ಹಿಡಿಯುತ್ತಿರಲಿಲ್ಲ. ಆದರೆ ಹಳ್ಳಿಯವರ ಬಾಯಿಂದ ಕೇಳಬೇಕಾದ ಶಬ್ದ ಜರ್ಮನಿಯಲ್ಲಿ ಸಿಗುವುದಿಲ್ಲ. 1883ರಲ್ಲಿ, ಐವತ್ತು ದಾಟಿದ ಮೇಲೆ, ನಿಘಂಟಿಗಾಗಿ ಮತ್ತೆ ಬಂದರು. ಸುಮಾರು ಒಂಬತ್ತು ವರ್ಷ ದುಡಿದು 1892ರಲ್ಲಿ ಹಿಂತಿರುಗಿದರು. ‘ಎ ಕನ್ನಡ-ಇಂಗ್ಲಿಷ್ ಡಿಕ್ಷನರಿ’ ಮಂಗಳೂರಿನಲ್ಲಿ ಅಚ್ಚಾಗಿ ಹೊರಬಿದ್ದದ್ದು 1894ರಲ್ಲಿ. 1,700ಕ್ಕೂ ಹೆಚ್ಚು ಪುಟ, ಸುಮಾರು 70,000 ಶಬ್ದ.

ಸಂಖ್ಯೆ ಕೇಳಿ ಬೆರಗಾದರೆ ಸಾಲದು, ಒಂದು ಪುಟ ತೆರೆದು ನೋಡಬೇಕು. ಆ ಶಬ್ದ ದೇಶ್ಯವೋ, ಸಂಸ್ಕೃತದಿಂದ ಬಂದ ತದ್ಭವವೋ, ಮರಾಠಿ ಅಥವಾ ಹಿಂದೂಸ್ತಾನಿಯಿಂದ ಬಂದದ್ದೋ ಎಂದು ಗುರುತಿಸಿರುತ್ತದೆ. ತಮಿಳು, ತೆಲುಗು, ಮಲಯಾಳ, ತುಳುವಿನ ಬಂಧು ಶಬ್ದಗಳನ್ನು ಪಕ್ಕದಲ್ಲಿ ಕೊಟ್ಟಿರುತ್ತದೆ. ಅದು ಯಾವ ಕಾವ್ಯದಲ್ಲಿ ಬಂದಿದೆ, ಯಾವ ಗಾದೆಯಲ್ಲಿದೆ, ಯಾವ ಸೀಮೆಯ ಆಡುಮಾತು ಎಂಬುದಕ್ಕೂ ಸಣ್ಣ ಸಂಕೇತಗಳಿವೆ. ನಾವು ಇಂದು ಹೇಳು, ಕೇಳು ಎಂದು ಎರಡನ್ನೂ ಒಂದೇ ಳಕಾರದಲ್ಲಿ ಬರೆಯುತ್ತೇವೆ. ಹಳಗನ್ನಡದಲ್ಲಿ ಅವು ಪೇೞ್ ಮತ್ತು ಕೇಳ್. ಮೊದಲನೆಯದರಲ್ಲಿ ಇದ್ದದ್ದು ಈಗ ಬಳಕೆಯಿಂದ ಹೋಗಿರುವ ೞಕಾರ. ಜನ ಮರೆತುಬಿಟ್ಟಿದ್ದ ಅಂಥ ಅಕ್ಷರಕ್ಕೂ ಅದರ ಜಾಗವನ್ನು ಅವರು ಬಿಟ್ಟುಕೊಟ್ಟರು. ಸಂಸ್ಕೃತ ದ್ರಾವಿಡ ಭಾಷೆಗಳಿಂದ ಪಡೆದ ಶಬ್ದಗಳ ಪಟ್ಟಿಯನ್ನೂ ಮುನ್ನುಡಿಯಲ್ಲಿ ಕೊಟ್ಟಿದ್ದಾರೆ. ಕನ್ನಡ ಬರೀ ಸಾಲ ಪಡೆದ ಭಾಷೆಯಲ್ಲ, ಸಾಲ ಕೊಟ್ಟ ಮನೆತನದ್ದು ಎಂದು ಆಧಾರ ಸಹಿತ ಹೇಳಿದವರಲ್ಲಿ ಅವರೂ ಒಬ್ಬರು.

ಆ ಸಂಕೇತಗಳಲ್ಲಿ ಎರಡನ್ನು ಧಾರವಾಡದವರಾದ ನಾವು ವಿಶೇಷವಾಗಿ ಗಮನಿಸಬೇಕು. ಒಂದು ದಕ್ಷಿಣ ಮರಾಠಾ ದೇಶದ ಶಬ್ದ ಎಂಬ ಸಂಕೇತ. ಎಂದರೆ ನಮ್ಮ ಅಜ್ಜ ಅಜ್ಜಿಯರು ಕಣದಲ್ಲಿ, ಒಲೆಯ ಮುಂದೆ, ಎತ್ತಿನ ಹಿಂದೆ ಆಡುತ್ತಿದ್ದ ಮಾತು. ಶುದ್ಧ ಕನ್ನಡ ಬೇರೆ, ನಮ್ಮದು ಗಾಂವಠಿ ಎಂದು ಇಂದಿಗೂ ನಾಚಿಕೊಳ್ಳುವ ಮಕ್ಕಳನ್ನು ನಾನು ತರಗತಿಯಲ್ಲಿ ಕಂಡಿದ್ದೇನೆ. ಆ ಮಾತನ್ನು ಪಂಪನ ಮಾತಿನ ಪಕ್ಕದಲ್ಲಿ ಕೂಡ್ರಿಸಿದ ನಿಘಂಟು ಇದು. ಇನ್ನೊಂದು ಬಸವಪುರಾಣದ ಸಂಕೇತ. ವೀರಶೈವರ ಪುರಾಣ, ವೈಷ್ಣವ ಕವಿಯ ಜೈಮಿನಿ ಭಾರತ, ಜೈನರ ವ್ಯಾಕರಣ ಇವುಗಳ ಆಧಾರದ ಮೇಲೆ ಒಬ್ಬ ಕ್ರೈಸ್ತ ಪಾದ್ರಿ ಶಬ್ದಗಳಿಗೆ ಅರ್ಥ ಬರೆದ.

ಅವರಿಗೆ ಬೇರೆ ದಾರಿಯೂ ಇತ್ತು. ಧರ್ಮ ಪ್ರಚಾರಕ್ಕೆ ಬೇಕಾದಷ್ಟು ಶಬ್ದ ಆರಿಸಿ ಒಂದು ಕೈಪಿಡಿ ಮಾಡಿ ಮುಗಿಸಬಹುದಿತ್ತು. ತಾನು ಒಪ್ಪದ ಪೂಜೆ, ಆಚಾರ, ಸಿದ್ಧಾಂತಗಳ ಶಬ್ದಗಳನ್ನು ಬಿಡಬಹುದಿತ್ತು. ಅವರು ಬಿಡಲಿಲ್ಲ. ಆ ಶಬ್ದಗಳಿಗೆ ಅವುಗಳನ್ನು ಬಳಸುವ ಜನರ ಗ್ರಂಥಗಳಿಂದಲೇ ಅರ್ಥ ಹುಡುಕಿದರು. ಸುಳ್ಳು ಸಾಕ್ಷಿ ಹೇಳಬಾರದೆಂಬುದು ಅವರ ಧರ್ಮದ ಹತ್ತು ಆಜ್ಞೆಗಳಲ್ಲಿ ಒಂದು. ನೆರೆಯವನ ಮಾತಿನ ಬಗ್ಗೆ ಸರಿಯಾದ ಸಾಕ್ಷಿ ಹೇಳುವುದೂ ಆ ಆಜ್ಞೆಯನ್ನು ಪಾಲಿಸುವ ಒಂದು ರೀತಿಯೇ ಎಂದು ನನಗೆ ತೋರುತ್ತದೆ. ಎಪ್ಪತ್ತು ಸಾವಿರ ಸಲ ಆ ಸಾಕ್ಷಿ ಹೇಳುವುದೆಂದರೆ ಸಣ್ಣ ವ್ರತವಲ್ಲ. ಯೇಸು ತನ್ನ ಕಾಲದಲ್ಲಿ ಬೀದಿ ಮೂಲೆಯಲ್ಲಿ ನಾಲ್ಕು ಜನ ನೋಡಲೆಂದು ಪ್ರಾರ್ಥನೆ ಮಾಡುವವರನ್ನು ಕಟುವಾಗಿ ಟೀಕಿಸಿದ. ಬಾಗಿಲು ಮುಚ್ಚಿಕೊಂಡು ಶಬ್ದದ ಮೇಲೆ ಶಬ್ದ ಬರೆಯುತ್ತ ಕುಳಿತ ಈ ಪಾದ್ರಿಯ ಪ್ರಾರ್ಥನೆಯನ್ನು ಯಾರೂ ನೋಡಲಿಲ್ಲ. ನಮ್ಮ ಶರಣರು ಇಂಥದಕ್ಕೆ ಕಾಯಕ ಎಂಬ ಚೆಂದದ ಹೆಸರಿಟ್ಟಿದ್ದಾರೆ.

ಮನ್ನಣೆ ತಡವಾಗಿ ಬಂತು. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಅಷ್ಟಕ್ಕೆ ಅವರು ಲೇಖನಿ ಕೆಳಗಿಡಲಿಲ್ಲ. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಳಗೊಂಡ ಕನ್ನಡ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಬರೆದರು. ಅದು 1903ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಟ್ಯೂಬಿಂಗೆನ್‌ನಲ್ಲಿ ಕಿಟೆಲ್ ತೀರಿಕೊಂಡರು. ಆಗ ಅವರಿಗೆ 71 ವರ್ಷ. ಕನ್ನಡ ಕೇಳಿಸದ ಊರಿನಲ್ಲಿ ಕೂತು ಕೊನೆಯ ಉಸಿರಿನ ಕಾಲದವರೆಗೂ ಕನ್ನಡವನ್ನೇ ಬರೆಯುತ್ತಿದ್ದವರು ಅವರು.

ಅವರ ನಿಘಂಟು ಅವರ ಜೊತೆ ಹೋಗಲಿಲ್ಲ. ಮದರಾಸು ವಿಶ್ವವಿದ್ಯಾಲಯ ಅದನ್ನು ವಿದ್ವಾಂಸ ಎಂ. ಮರಿಯಪ್ಪ ಭಟ್ಟರಿಂದ ಪರಿಷ್ಕರಿಸಿ, 1968ರಿಂದ 1971ರವರೆಗೆ ನಾಲ್ಕು ಸಂಪುಟಗಳಲ್ಲಿ ಮತ್ತೆ ಪ್ರಕಟಿಸಿತು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟು 1995ರಲ್ಲಿ ಪೂರ್ಣಗೊಂಡಿತು. ವಿದ್ವಾಂಸರ ದೊಡ್ಡ ಬಳಗವೇ ದಶಕಗಟ್ಟಲೆ ದುಡಿದ ಕೆಲಸ ಅದು. ಆ ಬಳಗದ ಕೆಲಸವನ್ನು ನೋಡಿದಾಗಲೇ ನೂರು ವರ್ಷ ಹಿಂದೆ ಒಬ್ಬ ಮನುಷ್ಯ ಪಂಡಿತರ ನೆರವಿನಿಂದ ಹೊತ್ತ ಭಾರ ಎಷ್ಟೆಂದು ತಿಳಿಯುತ್ತದೆ. ಅಂದು ದೀಕ್ಷಾಸ್ನಾನದ ಲೆಕ್ಕ ಬರೆದ ವರದಿಗಳನ್ನು ಇಂದು ಸಂಶೋಧಕರ ಹೊರತು ಯಾರೂ ತೆರೆಯುವುದಿಲ್ಲ. ಆ ಲೆಕ್ಕದಲ್ಲಿ ಸೋತವನ ಪುಸ್ತಕವನ್ನು ಎಲ್ಲ ಜಾತಿ, ಎಲ್ಲ ಮತದ ಕನ್ನಡಿಗರು ತೆರೆಯುತ್ತಾರೆ.

ಐವತ್ತು ವರ್ಷಗಳಲ್ಲಿ ನಮ್ಮ ಶಾಲೆಯ ಬೆಂಚುಗಳ ಮೇಲೆ ಎಲ್ಲ ಧರ್ಮದ ಮಕ್ಕಳು ಒಟ್ಟಿಗೆ ಕೂತಿದ್ದಾರೆ. ಗುಡಿ, ಮಸೀದಿ, ಚರ್ಚು, ಬಸದಿ, ಮಠ ಹೀಗೆ ಒಬ್ಬೊಬ್ಬರ ಮನೆಯ ದಾರಿ ಒಂದೊಂದು ಕಡೆಗೆ. ಈಗೀಗ ಭಕ್ತಿಯನ್ನು ಧ್ವನಿವರ್ಧಕದ ಸದ್ದಿನಲ್ಲಿ, ಮೆರವಣಿಗೆಯ ಉದ್ದದಲ್ಲಿ, ಬ್ಯಾನರಿನ ಅಗಲದಲ್ಲಿ ಅಳೆಯುವ ಚಾಳಿ ಎಲ್ಲ ಕಡೆಯೂ ಬೆಳೆದಿದೆ. ಯಾವುದೇ ಒಂದು ಧರ್ಮದವರನ್ನು ಬೆರಳು ಮಾಡಿ ತೋರಿಸುವಂತಿಲ್ಲ. ಕಿಟೆಲ್ ಅವರ ಬಾಳು ಬೇರೊಂದು ಅಳತೆಗೋಲನ್ನು ಮುಂದಿಡುತ್ತದೆ. ನಿನ್ನ ನಂಬಿಕೆ ನಿನ್ನ ಕೈಯಿಂದ ಏನು ಮಾಡಿಸಿತು, ಯಾರ ಉಪಯೋಗಕ್ಕೆ ಬಂತು, ಯಾರೂ ಮೆಚ್ಚದ ದಿನವೂ ನಿನ್ನನ್ನು ಆ ಕೆಲಸದಲ್ಲಿ ನಿಲ್ಲಿಸಿತೇ ಎಂದು ಅದು ಕೇಳುತ್ತದೆ.

ವಿದ್ಯಾರ್ಥಿಗಳಿಗೆ ನನ್ನದೊಂದು ಕೋರಿಕೆ. ಕಿಟೆಲ್ ಅವರ ಭಾವಚಿತ್ರಕ್ಕೆ ಹಾರ ಹಾಕುವುದಿದ್ದರೆ ಹಾಕಿ. ಅದಕ್ಕಿಂತ ಮೊದಲು ಯಾವುದಾದರೂ ಗ್ರಂಥಾಲಯದಲ್ಲಿ ಅವರ ನಿಘಂಟನ್ನು ಕೇಳಿ ಪಡೆಯಿರಿ. ನಿಮ್ಮ ಮನೆಯಲ್ಲಿ ಅಜ್ಜಿ ಆಡುವ, ಪುಸ್ತಕದಲ್ಲಿ ನೀವು ಎಂದೂ ಕಾಣದ ಒಂದು ಮಾತನ್ನು ಅದರಲ್ಲಿ ಹುಡುಕಿ. ಅದು ಸಿಕ್ಕರೆ ಅಜ್ಜಿಗೆ ಓದಿ ಹೇಳಿ. ಸಿಗದಿದ್ದರೆ ಆ ಮಾತನ್ನೂ ಅದರ ಅರ್ಥವನ್ನೂ ನಿಮ್ಮ ನೋಟುಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ. ಕಿಟೆಲ್ ಅವರ ಕೆಲಸ ಅಲ್ಲಿಂದ ಮುಂದಕ್ಕೆ ನಿಮ್ಮದು.